ಲೆಂಟಿವೈರಲ್ ರಿಪೋರ್ಟರ್ ಕ್ಲೋನಿಂಗಿಗೆ ನೀಲಿ ಬೆಳಕಿನ ಪೆಟ್ಟಿಗೆ: ಬಳ್ಳಾರಿಯ ಬಿಸಿಲು, ಧೂಳಿನ ನಡುವೆ ಕಟ್ಟುವ ಬಗೆ

ಲೆಂಟಿವೈರಲ್ ಟ್ರಾನ್ಸ್‌ಫರ್ ಪ್ಲಾಸ್ಮಿಡ್‌ಗೆ (ಲೆಂಟಿವೈರಸ್ ಮೂಲಕ ಜೀನನ್ನು ಜೀವಕೋಶಕ್ಕೆ ಸಾಗಿಸಲು ಬಳಸುವ ಉಂಗುರದಂಥ ಡಿಎನ್‌ಎ) ರಿಪೋರ್ಟರ್ ಆಗಿ, ಅಂದರೆ ಹೊಳೆದು ಗುರುತು ಹೇಳಲೆಂದು, ಹಸಿರು ಹೊಳಪಿನ ಪ್ರೋಟೀನಿನ ಜೀನ್ ಇಜಿಎಫ್‌ಪಿ ಕೂರಿಸುವಾಗ ಲೈಗೇಶನ್ (ಡಿಎನ್‌ಎ ತುಣುಕುಗಳ ಬೆಸುಗೆ) ಪದೇ ಪದೇ ಕೈಕೊಟ್ಟರೆ ಮೊದಲ ಅನುಮಾನ ಬೆಸೆಯುವ ಎನ್‌ಜೈಮ್ ಲೈಗೇಸ್ ಮೇಲೆ, ಎರಡನೆಯದು ಆ ಡಿಎನ್‌ಎಯನ್ನು ಒಳಗೆ ತೆಗೆದುಕೊಳ್ಳಬೇಕಾದ ಬ್ಯಾಕ್ಟೀರಿಯಾ, ಅಂದರೆ ಕಾಂಪಿಟೆಂಟ್ ಸೆಲ್ ಮೇಲೆ. ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಿಂದ ಬೇಕಾದ ತುಣುಕಿನ ಗೆರೆಯನ್ನು (ಬ್ಯಾಂಡ್) ಕತ್ತರಿಸುವಾಗ ಕೆಳಗೆ ಉರಿಯುತ್ತಿದ್ದ ಯುವಿ ದೀಪದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. 302 ಅಥವಾ 312 ನ್ಯಾನೊಮೀಟರ್ ಯುವಿ ಬಿದ್ದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏಟುಗಳ ಸಂಖ್ಯೆ ಡಿಎನ್‌ಎಯ ಉದ್ದಕ್ಕೆ ತಕ್ಕಂತೆ ಏರುತ್ತದೆ. 720 ಬೇಸ್ ಪೇರ್‌ನ (ಡಿಎನ್‌ಎ ಉದ್ದದ ಅಳತೆ) ಇಜಿಎಫ್‌ಪಿ ತುಣುಕು ಹೇಗೋ ಪಾರಾಗಬಹುದು. ಅದನ್ನು ಕೂರಿಸಿಕೊಳ್ಳುವ ಪ್ಲಾಸ್ಮಿಡ್ ಭಾಗ, 9,000 ಬೇಸ್ ಪೇರ್‌ನ ಬ್ಯಾಕ್‌ಬೋನ್, ಪಾರಾಗುವುದಿಲ್ಲ. ಲೆಂಟಿ ಟ್ರಾನ್ಸ್‌ಫರ್ ಪ್ಲಾಸ್ಮಿಡ್‌ಗಳೆಲ್ಲ ಬಹುಪಾಲು ಇಷ್ಟು ದೊಡ್ಡವೇ. ಹಾಗಾಗಿ ಸಣ್ಣ ಪ್ಲಾಸ್ಮಿಡ್‌ನಲ್ಲಿ ಸಲೀಸಾಗಿ ಆಗುವ ಕ್ಲೋನಿಂಗ್ ಇಲ್ಲಿ ಬೆರಳೆಣಿಕೆಯ ಕಾಲೊನಿ (ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಚುಕ್ಕೆ) ಕೊಟ್ಟು ನಿಲ್ಲುತ್ತದೆ.

ಯುವಿ ಬದಲು ನೀಲಿ ಬೆಳಕಿನ ಪೆಟ್ಟಿಗೆಯ ಮೇಲೆ ಕತ್ತರಿಸಿದರೆ ಈ ಕಾಟವಿಲ್ಲ. ಡಿಎನ್‌ಎ ಆ ತರಂಗಾಂತರವನ್ನು ಹೀರುವುದೇ ಇಲ್ಲ. ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣವಾದ ಸೈಬರ್ ಸೇಫ್ ಹಾಕಿದ ಜೆಲ್ ಅನ್ನು ಹತ್ತು ನಿಮಿಷ ಇಟ್ಟುಕೊಂಡು ನೆಮ್ಮದಿಯಿಂದ ಕತ್ತರಿಸಬಹುದು. ಅದೇ ಪೆಟ್ಟಿಗೆಯಲ್ಲಿ ಹಸಿರು ಹೊಳಪಿನ ಪ್ರೋಟೀನನ್ನು (ಜಿಎಫ್‌ಪಿ) ತಾನೇ ತಯಾರಿಸುವ ಬ್ಯಾಕ್ಟೀರಿಯಾ ಕಾಲೊನಿಯನ್ನೂ ನೋಡಬಹುದು. ಕೊಳ್ಳಲು ಸಿಗುವ ಯಂತ್ರ ಚೆನ್ನಾಗಿಯೇ ಇರುತ್ತದೆ, ಬೆಲೆ ಮಾತ್ರ ಕಾಲೇಜು ಲ್ಯಾಬಿನ ಕೈಗೆ ಎಟುಕುವುದಿಲ್ಲ. ಇಲ್ಲಿ ವಿವರಿಸಿದ ಪೆಟ್ಟಿಗೆಗೆ ಬೇಕಾದ ಸಾಮಾನು ಬಳ್ಳಾರಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಮತ್ತು ನಾಮಫಲಕ ಮಾಡುವವರಲ್ಲಿ ಬಹುಮಟ್ಟಿಗೆ ಸಿಗುತ್ತದೆ. ನೀಲಿ ಫಿಲ್ಟರ್ ಹಾಳೆಯೊಂದನ್ನು ಮಾತ್ರ ತರಿಸಿಕೊಳ್ಳಬೇಕು.

ಕಟ್ಟುವ ಮುನ್ನ ಒಂದು ವಿಷಯ ತಲೆಯಲ್ಲಿರಲಿ. ಪೆಟ್ಟಿಗೆಯ ಗುಣ ನಿಂತಿರುವುದು ಬೆಳಕು ಎಷ್ಟು ಜೋರಾಗಿದೆ ಎಂಬುದರ ಮೇಲಲ್ಲ, ಹೊಳೆಯಬಾರದ ಜಾಗ ಎಷ್ಟು ಕಪ್ಪಾಗಿದೆ ಎಂಬುದರ ಮೇಲೆ. ಎಲ್‌ಇಡಿ ಎರಡು ಪಟ್ಟು ಮಾಡಿದರೆ ಬ್ಯಾಂಡೂ ಎರಡು ಪಟ್ಟು, ಹಿನ್ನೆಲೆಯೂ ಎರಡು ಪಟ್ಟು; ಕಣ್ಣಿಗೆ ಏನೂ ಲಾಭವಿಲ್ಲ. ಸೋರುವ ನೀಲಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಾಣದಿದ್ದ ಬ್ಯಾಂಡ್ ಎದ್ದು ಕಾಣುತ್ತದೆ. ಹಣವನ್ನೂ ಸಮಯವನ್ನೂ ಫಿಲ್ಟರ್ ಮೇಲೆ ಸುರಿಯಿರಿ.

ಬೆಳಕಿನ ಲೆಕ್ಕ

ಇಜಿಎಫ್‌ಪಿ ಅತಿ ಹೆಚ್ಚು ಹೀರುವುದು 488 ನ್ಯಾನೊಮೀಟರ್‌ನಲ್ಲಿ, ಹೊರಸೂಸುವ ಶಿಖರ 507ರ ಸುತ್ತ. ಸೈಬರ್ ಸೇಫ್ ಹೀರುವುದು 502ರ ಸುತ್ತ, ಸೂಸುವುದು 530ರ ಸುತ್ತ. ಅಂಗಡಿಯ ನೀಲಿ ಎಲ್‌ಇಡಿ ಸ್ಟ್ರಿಪ್‌ನ ಶಿಖರ 465ರಿಂದ 470. ಹೊಂದಿಕೆ ಪೂರ್ತಿ ಇಲ್ಲ, ಆದರೆ ಸಾಕು. ತೊಂದರೆ ಇರುವುದು ಎಲ್‌ಇಡಿಯ ಬಾಲದಲ್ಲಿ: 470ರ ಎಲ್‌ಇಡಿಯ ಬೆಳಕು 500 ದಾಟಿ ಹಸಿರಿನ ಕಡೆಗೂ ಚಾಚುತ್ತದೆ. ಆ ಬಾಲ ಅಂಬರ್ ಹಾಳೆಯನ್ನು ತೂರಿ ಬಂದು ಬ್ಯಾಂಡ್‌ನ ಬಣ್ಣದಲ್ಲೇ ಕಾಣುತ್ತದೆ. ಆದ್ದರಿಂದ ಎಲ್‌ಇಡಿಯ ಮೇಲೆ ಕಡುನೀಲಿ ಹಾಳೆ, ಕಣ್ಣಿನ ಮುಂದೆ ಅಂಬರ್ ಹಾಳೆ, ಎರಡೂ ಬೇಕು. ನೀಲಿ ಹಾಳೆಗೆ ನಾಟಕ-ಸಿನಿಮಾ ಲೈಟಿಂಗಿನವರು ಬಳಸುವ, ಲೀ ಕಂಪನಿಯ 071 ಟೋಕಿಯೊ ಬ್ಲೂ ಆಗುತ್ತದೆ. ಅದು ಬಳಸಬಹುದಾದ ಬೆಳಕನ್ನೂ ಒಂದಿಷ್ಟು ನುಂಗುತ್ತದೆ, ನುಂಗಲಿ.

ಅಂಬರ್ ಹಾಳೆ ಆರಿಸುವುದು

ಇಡೀ ಕೆಲಸದಲ್ಲಿ ಎಡವುವ ಜಾಗ ಇದೇ. 3 ಮಿಲಿಮೀಟರ್ ದಪ್ಪದ ಪಾರದರ್ಶಕ ಅಂಬರ್ ಅಕ್ರಿಲಿಕ್ ಬೇಕು. ಬೋರ್ಡ್ ಮಾಡುವವರ ಬಳಿ ಕಿತ್ತಳೆ ಬಣ್ಣದ್ದು ಎರಡು ಬಗೆ ಇರುತ್ತದೆ: ಸಾದಾ ಒಂದು, ಅಂಚು ತಾನಾಗಿಯೇ ಮಿಂಚುವ ನಿಯಾನ್ ಬಗೆ ಇನ್ನೊಂದು. ನಿಯಾನ್ ಹಾಳೆಯೊಳಗೆ ಫ್ಲೋರೆಸೆಂಟ್ ಬಣ್ಣ ಇರುತ್ತದೆ; ನೀಲಿ ಬೆಳಕು ತಾಗಿದೊಡನೆ ಇಡೀ ಮುಚ್ಚಳವೇ ಕೆಂಡದಂತೆ ಹೊಳೆದು ಒಳಗಿನದನ್ನು ನುಂಗಿಬಿಡುತ್ತದೆ. ಅಂಗಡಿಯಲ್ಲಿ “ಅಣ್ಣಾ, ಅಂಚು ಹೊಳಿಯೋದು ಬ್ಯಾಡ್ರಿ, ಸಾದಾದ್ದು ಕೊಡ್ರಿ” ಅಂದರೆ ಅರ್ಥವಾಗುತ್ತದೆ. ಆದರೂ ಸ್ಟ್ರಿಪ್‌ನ ಒಂದು ತುಂಡನ್ನೂ 12 ವೋಲ್ಟ್ ಅಡಾಪ್ಟರನ್ನೂ ಜೊತೆಗೆ ಒಯ್ಯಿರಿ. ಹಾಳೆಯ ಅಂಚಿಗೆ ಎಲ್‌ಇಡಿ ಹಿಡಿಯಿರಿ. ಎದುರು ಅಂಚು ಬೆಳಗಿದರೆ ಆ ಹಾಳೆ ಬೇಡ.

ಎರಡನೆಯ ಪರೀಕ್ಷೆಗೆ ಹಳೆಯ ಸಿಡಿ ಸಾಕು. ಕತ್ತಲಲ್ಲಿ ಬಿಳಿ ಎಲ್‌ಇಡಿ ಟಾರ್ಚಿನ ಬೆಳಕನ್ನು ಸಿಡಿಯ ಮೇಲೆ ಓರೆಯಾಗಿ ಬೀಳಿಸಿದರೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಟಾರ್ಚಿನ ಮುಂದೆ ಹಾಳೆ ಹಿಡಿಯಿರಿ: ನೀಲಿ ಪಟ್ಟೆ ಪೂರ್ತಿ ಮಾಯವಾಗಬೇಕು, ಹಸಿರಿನ ಬಹುಪಾಲು ಉಳಿಯಬೇಕು. ತೀರಾ ಕೆಂಪುಮಿಶ್ರಿತ ಕಿತ್ತಳೆಯಾದರೆ ಹಸಿರೂ ಹೋಗುತ್ತದೆ; ಸೈಬರ್ ಸೇಫ್ ಕಂಡರೂ ಇಜಿಎಫ್‌ಪಿ ಮಂಕಾಗುತ್ತದೆ. ಬರೀ ಹಳದಿಯಾದರೆ ನೀಲಿ ಉಳಿಯುತ್ತದೆ. ರಾತ್ರಿ ಗಾಡಿ ಓಡಿಸುವವರ ಹಳದಿ ಕನ್ನಡಕ ಈ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಎಲ್‌ಇಡಿ ಹಾಸು

15 × 15 ಸೆಂಟಿಮೀಟರ್ ನೋಡುವ ಜಾಗಕ್ಕೆ 5050 (5 × 5 ಮಿಲಿಮೀಟರ್ ಎಲ್‌ಇಡಿಯ) ನೀಲಿ ಸ್ಟ್ರಿಪ್, ಮೀಟರಿಗೆ 60 ಎಲ್‌ಇಡಿ ಇರುವುದು, 12 ವೋಲ್ಟ್. ಮೇಲೆ ಸಿಲಿಕೋನ್ ಲೇಪ ಇಲ್ಲದ ಬಗೆ ತೆಗೆದುಕೊಳ್ಳಿ. ಲೇಪವಿದ್ದದ್ದು ಶಾಖ ಬಿಡುವುದಿಲ್ಲ, ಬರುಬರುತ್ತಾ ಹಳದಿಯಾಗುತ್ತದೆ. ಈ ಸ್ಟ್ರಿಪ್ ಮೂರು ಎಲ್‌ಇಡಿಗೊಂದು ಕತ್ತರಿ ಗುರುತಿನಂತೆ, ಅಂದರೆ ಪ್ರತಿ 5 ಸೆಂಟಿಮೀಟರಿಗೆ ತುಂಡಾಗುತ್ತದೆ. 15 ಸೆಂಟಿಮೀಟರಿನ 9 ಸಾಲು, ಸಾಲಿನಿಂದ ಸಾಲಿಗೆ 17 ಮಿಲಿಮೀಟರ್. ಒಟ್ಟು 1.35 ಮೀಟರ್, 81 ಎಲ್‌ಇಡಿ. ಮೀಟರಿಗೆ 1.2 ಆಂಪಿಯರ್ ಲೆಕ್ಕದಲ್ಲಿ 1.62 ಆಂಪಿಯರ್, ಸುಮಾರು 19 ವ್ಯಾಟ್. ಅಡಾಪ್ಟರ್ 12 ವೋಲ್ಟ್ 5 ಆಂಪಿಯರ್‌ನದು ಇರಲಿ. 2 ಆಂಪಿಯರಿನದು ಲೆಕ್ಕಕ್ಕೆ ಸಾಕೆನಿಸಿದರೂ ಏಪ್ರಿಲ್-ಮೇ ತಿಂಗಳ ಕೋಣೆಯಲ್ಲಿ ಕೈಸುಡುವಷ್ಟು ಕಾದು ಬೇಗ ಕೆಡುತ್ತದೆ. ಲೈನಿನಲ್ಲಿ 3 ಆಂಪಿಯರ್ ಫ್ಯೂಸ್.

ತಳಕ್ಕೆ 2 ಮಿಲಿಮೀಟರ್ ದಪ್ಪದ 20 × 20 ಸೆಂಟಿಮೀಟರ್ ಅಲ್ಯೂಮಿನಿಯಂ ತಗಡು. ಮೊದಲು ವೈರ್ ಬೆಸುಗೆ, ಆಮೇಲೆ ಅಂಟಿಸುವುದು; ತಗಡಿಗೆ ಅಂಟಿಸಿದ ಮೇಲೆ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಶಾಖವನ್ನೆಲ್ಲ ತಗಡೇ ಎಳೆದುಕೊಳ್ಳುತ್ತದೆ, ಬೆಸುಗೆ ಕೂರುವುದಿಲ್ಲ. ಸ್ಟ್ರಿಪ್ ಹಿಂದಿನ ಅಂಟನ್ನು ನಂಬಬೇಡಿ. ಇಲ್ಲಿನ ಬೇಸಿಗೆಗೆ ಅದು ಮೆತ್ತಗಾಗಿ ಸಾಲು ಜೋತುಬೀಳುತ್ತದೆ. ಎರಡೂ ತುದಿಗೆ ಒಂದೊಂದು ಹನಿ ಸಿಲಿಕೋನ್ ಸೀಲಂಟ್ ಹಾಕಿ ಒಂದು ರಾತ್ರಿ ಬಿಡಿ.

ತುದಿಗಳಲ್ಲೇ ಇನ್ನೊಂದು ಅಪಾಯವಿದೆ. ಕತ್ತರಿಸಿದ ಅಂಚಿನಲ್ಲಿ ತಾಮ್ರದ ಪ್ಯಾಡ್ ಬರಿದಾಗಿರುತ್ತದೆ. ಪ್ಲಸ್ ಒಂದು ಕಡೆ, ಮೈನಸ್ ಇನ್ನೊಂದು ಕಡೆ ತಗಡಿಗೆ ತಾಗಿದರೆ ತಗಡೇ ಶಾರ್ಟ್. ಹೊಸ ಪೆಟ್ಟಿಗೆ ಹಚ್ಚಿದೊಡನೆ ಫ್ಯೂಸ್ ಹಾರಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಪ್ರತಿ ತುದಿಯ ಕೆಳಗೆ ಶಾಖ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ತುಂಡು ಹಾಕಿ.

ಸಾಲುಗಳನ್ನು ಒಂದರ ಹಿಂದೊಂದು ಜೋಡಿಸಬೇಡಿ. ಎಡಕ್ಕೆ ಕೆಂಪು, ಬಲಕ್ಕೆ ಕಪ್ಪು, 0.75 ಚದರ ಮಿಲಿಮೀಟರ್ ವೈರಿನ ಎರಡು ಸಾಲು ಎಳೆದು ಒಂಬತ್ತೂ ಸಾಲುಗಳನ್ನು ಪ್ಯಾರಲಲ್ ಆಗಿ ಸೇರಿಸಿ. ಆಗ ಪರೀಕ್ಷೆಯೂ ಸುಲಭ: ಒಂದು ಸಾಲಿಗೆ ಮೂರು ಗುಂಪು, ಗುಂಪಿಗೆ 60 ಮಿಲಿಆಂಪಿಯರ್, ಒಟ್ಟು 180. ಮೀಟರ್ 120 ತೋರಿಸಿದರೆ ಒಂದು ಗುಂಪು ಸತ್ತಿದೆ. ಅಗ್ಗದ ಸ್ಟ್ರಿಪ್‌ಗಳು ಎಲ್ಲ ಸಾಲಿನಲ್ಲೂ ಸಮನಾಗಿ 130-140 ತೋರಿಸುವುದುಂಟು. ಅದು ದೋಷವಲ್ಲ, ಅವುಗಳ ಒಳಗಿನ ರೆಸಿಸ್ಟರ್ ಬೇರೆ ಅಷ್ಟೆ.

ಕರೆಂಟ್ ಹೋದಾಗ ಇರಲಿ ಎಂದು ಬ್ಯಾಟರಿಗೆ ನೇರ ಕೊಡುವವರಿದ್ದಾರೆ. ಬೇಡ. ಚಾರ್ಜ್ ಆಗುತ್ತಿರುವ 12 ವೋಲ್ಟ್ ಬ್ಯಾಟರಿಯಲ್ಲಿ 14 ವೋಲ್ಟ್ ಇರುತ್ತದೆ. ಮೂರು ನೀಲಿ ಎಲ್‌ಇಡಿ ಸೇರಿ ಸುಮಾರು 9.3 ವೋಲ್ಟ್ ತೆಗೆದುಕೊಳ್ಳುತ್ತವೆ. ಗುಂಪಿನೊಳಗಿನ ಮೂರು ಕವಲುಗಳಲ್ಲಿ ಒಂದೊಂದರ 150 ಓಮ್ ರೆಸಿಸ್ಟರ್ ಮೇಲೆ 12 ವೋಲ್ಟ್‌ನಲ್ಲಿ ಉಳಿಯುವುದು 2.7, ಅಂದರೆ ಕವಲಿಗೆ 18 ಮಿಲಿಆಂಪಿಯರ್. 14 ವೋಲ್ಟ್‌ನಲ್ಲಿ 4.7, ಅಂದರೆ 31 ಮಿಲಿಆಂಪಿಯರ್. ಎರಡು ವೋಲ್ಟ್ ಹೆಚ್ಚಾದದ್ದಕ್ಕೆ ಕರೆಂಟು ಮುಕ್ಕಾಲು ಪಾಲು ಏರಿತು. 12 ವೋಲ್ಟ್‌ಗೆ ಕಟ್ಟಿದ ಬಕ್-ಬೂಸ್ಟ್ ಕನ್ವರ್ಟರ್ ನಡುವೆ ಇರಲಿ.

ಜೋಡಣೆ

ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗೆ: ತಗಡು ಮತ್ತು ಎಲ್‌ಇಡಿ, 60 ಮಿಲಿಮೀಟರ್ ಖಾಲಿ ಜಾಗ, 3 ಮಿಲಿಮೀಟರ್ ಹಾಲುಬಿಳಿ ಅಕ್ರಿಲಿಕ್, ಕಡುನೀಲಿ ಹಾಳೆ, 3 ಮಿಲಿಮೀಟರ್ ಪಾರದರ್ಶಕ ಅಕ್ರಿಲಿಕ್. ಹಾಲುಬಿಳಿ ಹಾಳೆ ನೀಲಿ ಹಾಳೆಯ ಕೆಳಗೇ ಇರಬೇಕು. ಕೆಲವು ಬಿಳಿ ಪ್ಲಾಸ್ಟಿಕ್‌ಗಳು ತಾವೇ ಹೊಳೆಯುತ್ತವೆ; ಕೆಳಗಿದ್ದರೆ ಆ ಹೊಳಪನ್ನು ನೀಲಿ ಹಾಳೆ ತಡೆಯುತ್ತದೆ, ಮೇಲಿದ್ದರೆ ತಡೆಯುವವರಿಲ್ಲ. ಪೆಟ್ಟಿಗೆಗೆ 12 ಮಿಲಿಮೀಟರ್ ಪ್ಲೈವುಡ್, ಒಳಗೋಡೆ ಎಲ್‌ಇಡಿ ಕೋಣೆಯಲ್ಲಿ ಬಿಳಿ, ಹಾಳೆಗಳ ಮೇಲ್ಭಾಗದಲ್ಲಿ ಹೊಳಪಿಲ್ಲದ ಕಪ್ಪು. ಹಾಳೆಗಳು ಕೂರುವ ಚೌಕಟ್ಟಿನ ಸುತ್ತ ಕಪ್ಪು ರಬ್ಬರ್ ಪಟ್ಟಿ. ಅಂಚಿನಿಂದ ಸೋರುವ ನೀಲಿ ಬೆಳಕು ಫಿಲ್ಟರನ್ನೇ ದಾಟದೆ ಬರುವುದರಿಂದ ಒಂದು ಕೂದಲೆಳೆಯ ಸಂದೂ ಹಿನ್ನೆಲೆಯನ್ನು ಕೆಡಿಸುತ್ತದೆ.

ಮುಚ್ಚಳಕ್ಕೆ ಅಂಬರ್ ಹಾಳೆ, ಹಿಂದೆ ಕೀಲು, ಮುಂದೆ 12 ವೋಲ್ಟ್ ಲೈನಿನಲ್ಲಿ ಮೈಕ್ರೊಸ್ವಿಚ್: ಮುಚ್ಚಳ ಎತ್ತಿದರೆ ಎಲ್‌ಇಡಿ ಆರಬೇಕು. ನೀಲಿ ಬೆಳಕು ಚರ್ಮ ಸುಡದಿದ್ದರೂ ಇಷ್ಟು ಹತ್ತಿರದಿಂದ ನೇರ ದಿಟ್ಟಿಸಿದರೆ ಅಕ್ಷಿಪಟಲಕ್ಕೆ ಒಳ್ಳೆಯದಲ್ಲ. ಜೆಲ್ ಕತ್ತರಿಸಲು ಮುಚ್ಚಳ ತೆರೆದೇ ಇರಬೇಕಾದ್ದರಿಂದ ಒತ್ತಿಹಿಡಿದಾಗ ಮಾತ್ರ ಉರಿಯುವ ಕಾಲುಸ್ವಿಚ್ ಒಂದನ್ನು ಮೈಕ್ರೊಸ್ವಿಚ್‌ಗೆ ಪ್ಯಾರಲಲ್ ಆಗಿ ಕೊಡಿ, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡೇ ಒತ್ತಿ. ಮೇಲಿನ ಅಕ್ರಿಲಿಕ್ ಮೇಲೆ ಬ್ಲೇಡ್ ಆಡಿಸಬಾರದು, ಒಂದೊಂದು ಗೀರೂ ಬೆಳಕನ್ನು ಚದುರಿಸಿ ಬ್ಯಾಂಡಿನಂತೆಯೇ ಗೆರೆಯಾಗಿ ಕಾಣುತ್ತದೆ. ಕತ್ತರಿಸಲು 3 ಮಿಲಿಮೀಟರ್ ಕಿಟಕಿ ಗಾಜಿನ ತುಂಡು ಹಾಸಿಕೊಳ್ಳಿ.

80 ಮಿಲಿಮೀಟರ್ ಫ್ಯಾನ್ ತಗಡಿನ ಬೆನ್ನಿಗೆ ಗಾಳಿ ಊದುವಂತೆ, ಎಲ್‌ಇಡಿ ಕೋಣೆಯೊಳಗಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಈ ಭಾಗದಲ್ಲಿ ಯಾವ ಕಿಟಕಿಗೂ ಅಂಜುವುದಿಲ್ಲ. ಅದು ಕೋಣೆಯೊಳಗೆ ಹೊಕ್ಕರೆ ಹಾಲುಬಿಳಿ ಹಾಳೆಯ ಅಡಿಯಲ್ಲಿ ಕೂತು ನೀಲಿಯನ್ನು ನುಂಗುತ್ತದೆ, ಒರೆಸಲು ಎಲ್ಲ ಬಿಚ್ಚಬೇಕು. ಎಲ್‌ಇಡಿ ಕೋಣೆ ಪೂರ್ತಿ ಮುಚ್ಚಿರಲಿ, ಶಾಖ ತಗಡಿನ ಮೂಲಕವೇ ಹೊರಗೆ ಹೋಗಲಿ.

ಹೊಂದಿಸುವುದು

ಕಣ್ಣಿನ ಆಸ್ಪತ್ರೆಗಳಲ್ಲಿ ಬಳಸುವ ಫ್ಲೋರೆಸೀನ್ ಕಾಗದದ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಪಟ್ಟಿಗೆ 1 ಮಿಲಿಗ್ರಾಂ. ಅದು 490ರ ಸುತ್ತ ಹೀರಿ 514ರ ಸುತ್ತ ಸೂಸುತ್ತದೆ, ಇಜಿಎಫ್‌ಪಿಗೆ ಹತ್ತಿರದ ಬದಲಿ. ಒಂದು ಪಟ್ಟಿಯನ್ನು 10 ಎಂಎಲ್ 1ಎಕ್ಸ್ ಟಿಎಇಯಲ್ಲಿ (ಬಳಕೆಯ ಹದದ ಜೆಲ್ ಬಫರ್) ನೆನೆಸಿ. ನೀರಿನಲ್ಲಿ ಬೇಡ: ಆಮ್ಲದ ಕಡೆ ವಾಲಿದರೆ ಫ್ಲೋರೆಸೀನ್ ಮಂಕಾಗುತ್ತದೆ, ಟಿಎಇಯ ಪಿಎಚ್ 8ರ ಮೇಲಿರುವುದರಿಂದ ಸರಿಹೋಗುತ್ತದೆ. ಅಲ್ಲಿಂದ ಹತ್ತು ಪಟ್ಟಿನಂತೆ ತೆಳು ಮಾಡುತ್ತಾ ಐದು ಟ್ಯೂಬ್ ಮಾಡಿ: ಪ್ರತಿ ಎಂಎಲ್‌ಗೆ 100, 10, 1, 0.1, 0.01 ಮೈಕ್ರೊಗ್ರಾಂ. ಆರನೆಯದು ಬರೀ ಟಿಎಇ.

ಕತ್ತಲು ಕೋಣೆಯಲ್ಲಿ ಮುಚ್ಚಳ ಹಾಕಿ ನೋಡಿ. ಮೊದಲ ಟ್ಯೂಬ್ ಎರಡನೆಯದಕ್ಕಿಂತ ಮಂಕಾಗಿ ಕಂಡರೆ ಗಾಬರಿಯಾಗಬೇಡಿ. ಅತಿ ಗಾಢವಾದಾಗ ಹೊರಪದರವೇ ಬೆಳಕನ್ನೆಲ್ಲ ಹೀರಿ ಒಳಗೆ ಬಿಡುವುದಿಲ್ಲ. ನಾಲ್ಕನೆಯದು ಸ್ಪಷ್ಟ ಹಸಿರಾಗಿ ಕಾಣಬೇಕು, ಆರನೆಯದು ಕಪ್ಪಾಗಿಯೇ ಇರಬೇಕು. ಆರನೆಯದು ಬೂದುಹಸಿರಾದರೆ ಸೋರಿಕೆ. ಕಪ್ಪು ಕಾರ್ಡ್‌ಬೋರ್ಡ್ ಪಟ್ಟಿಯಿಂದ ಒಂದೊಂದೇ ಅಂಚು ಮುಚ್ಚುತ್ತಾ ಹೋದರೆ ಎಲ್ಲಿಂದ ಎಂದು ತಿಳಿಯುತ್ತದೆ. ಎಲ್ಲ ಅಂಚು ಮುಚ್ಚಿದರೂ ಉಳಿದರೆ ಅಂಬರ್ ಹಾಳೆ ತೆಳುವಾಯಿತು, ಎರಡು ಪದರ ಮಾಡಿ. ಫೋಟೊ ತೆಗೆಯುವಾಗ ಮೊಬೈಲಿನ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಆಟೊದಲ್ಲಿ ಬಿಟ್ಟರೆ ಫೋನು ಕತ್ತಲನ್ನು ಬೆಳ್ಳಗೆ ಮಾಡಲು ಹೋಗಿ ಇಲ್ಲದ ಹಿನ್ನೆಲೆ ಸೃಷ್ಟಿಸುತ್ತದೆ.

ಬ್ಯಾಕ್‌ಬೋನ್ ತೆಗೆಯುವುದು

50 ಎಂಎಲ್ ಟಿಎಇಗೆ 0.4 ಗ್ರಾಂ ಅಗರೋಸ್, 0.8 ಶೇಕಡ. ಸ್ವಲ್ಪ ಆರಿದ ಮೇಲೆ 10,000ಎಕ್ಸ್ (ಹತ್ತು ಸಾವಿರ ಪಟ್ಟು ಗಾಢ) ಸೈಬರ್ ಸೇಫ್ 5 ಮೈಕ್ರೊಲೀಟರ್. ಈಗ ಬಳ್ಳಾರಿಗೇ ಸೇರಿದ ಒಂದು ಮಾತು. ಸಾಮಾನ್ಯ ಅಗರೋಸ್ ಗಟ್ಟಿಯಾಗುವುದು 36 ಡಿಗ್ರಿ ಆಸುಪಾಸಿನಲ್ಲಿ. ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕೋಣೆಯೇ 38-40 ಡಿಗ್ರಿ ಇದ್ದರೆ ಜೆಲ್ ಗಟ್ಟಿಯಾಗುವುದಿಲ್ಲ. ಅರೆಬರೆ ಕಟ್ಟಿದರೂ ಬಾಚಣಿಗೆ ಎಳೆದಾಗ ಗುಳಿ ಹರಿಯುತ್ತದೆ. ಅಗರೋಸ್ ಹಳೆಯದಾಯಿತೆಂದು ಶೇಕಡಾವಾರು ಏರಿಸಬೇಡಿ, ದೊಡ್ಡ ಬ್ಯಾಂಡ್ ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ. ಟ್ರೇ ಅನ್ನು ಮಟ್ಟವಾದ ಐಸ್‌ಪ್ಯಾಕ್ ಮೇಲಿಟ್ಟು ಸುರಿಯಿರಿ, ಅಥವಾ ಫ್ರಿಜ್ಜಿನಲ್ಲಿ ಮಟ್ಟ ನೋಡಿ 20 ನಿಮಿಷ ಇಡಿ. ಲೋ-ಮೆಲ್ಟ್ ಅಗರೋಸ್‌ಗೆ ಇನ್ನೂ ತಂಪು ಬೇಕು. ಬಫರನ್ನೂ ತಣ್ಣಗೆ ಮಾಡಿ, ಎಲೆಕ್ಟ್ರೋಡ್ ನಡುವಿನ ಪ್ರತಿ ಸೆಂಟಿಮೀಟರಿಗೆ 5 ವೋಲ್ಟ್ ಮೀರದಂತೆ ಓಡಿಸಿ.

2ರಿಂದ 3 ಮೈಕ್ರೊಗ್ರಾಂ ಡೈಜೆಸ್ಟ್ (ಎನ್‌ಜೈಮಿನಿಂದ ಕತ್ತರಿಸಿದ ಪ್ಲಾಸ್ಮಿಡ್) ಅಗಲ ಗುಳಿಯಲ್ಲಿ ಹಾಕಿ, ಪಕ್ಕಕ್ಕೆ ಕತ್ತರಿಸದ ಪ್ಲಾಸ್ಮಿಡ್ ಒಂದು ಗುಳಿ. ಬ್ಯಾಂಡಿನ ಅಂಚಿಗೆ ತಾಗಿಸಿ ಕತ್ತರಿಸಿ. ಸುತ್ತಲಿನ ಖಾಲಿ ಜೆಲ್ ಬಂದಷ್ಟೂ ಡಿಎನ್‌ಎ ಶುದ್ಧಗೊಳಿಸುವ ಕಾಲಮ್‌ನಲ್ಲಿ ನಷ್ಟ. ಜೆಲ್ ತುಂಡನ್ನು 50 ಡಿಗ್ರಿಯಲ್ಲಿ ಕರಗಿಸಿ, 9 ಕಿಲೊಬೇಸ್ (9,000 ಬೇಸ್ ಪೇರ್) ತುಣುಕಾದ್ದರಿಂದ ಕಾಲಮ್‌ನಿಂದ ಡಿಎನ್‌ಎ ಇಳಿಸುವ ಎಲ್ಯೂಷನ್ ಬಫರನ್ನು 55-60 ಡಿಗ್ರಿಗೆ ಬಿಸಿ ಮಾಡಿ 30 ಮೈಕ್ರೊಲೀಟರಿನಲ್ಲಿ ಇಳಿಸಿ. ಲೈಗೇಶನ್‌ಗೆ ಬ್ಯಾಕ್‌ಬೋನ್ 50 ನ್ಯಾನೊಗ್ರಾಂ. ಒಂದು ಬ್ಯಾಕ್‌ಬೋನ್‌ಗೆ ಮೂರು ಇಜಿಎಫ್‌ಪಿ ಎಂಬ ಮೋಲಾರ್ ಲೆಕ್ಕದಲ್ಲಿ ಇಜಿಎಫ್‌ಪಿ 50 × 0.72 ÷ 9 × 3, ಅಂದರೆ 12 ನ್ಯಾನೊಗ್ರಾಂ. ವಿಧಾನದ ಹಾಳೆಯಲ್ಲಿ “ರೂಮ್ ಟೆಂಪರೇಚರ್” ಎಂದಿದ್ದರೆ ಅದು 25 ಡಿಗ್ರಿ, ನಮ್ಮ ರೂಮಲ್ಲ. 16 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು ವಾಸಿ.

ಯುವಿಯೇ ಕಾರಣವಾಗಿತ್ತೇ ಎಂದು ಖಚಿತ ಮಾಡಿಕೊಳ್ಳಲು ಸರಳ ದಾರಿ ಇದೆ. ನಿಮ್ಮದೇ 9 ಕಿಲೊಬೇಸ್ ಪ್ಲಾಸ್ಮಿಡನ್ನು ಅಂಟು-ತುದಿ ಬಿಡುವ ಒಂದೇ ಎನ್‌ಜೈಮಿನಿಂದ ಒಂದೇ ಕಡೆ ಕತ್ತರಿಸಿ, ಜೆಲ್ ಓಡಿಸಿ, ಅರ್ಧ ಬ್ಯಾಂಡನ್ನು ಯುವಿ ಮೇಲೆ 30 ಸೆಕೆಂಡ್ ಇಟ್ಟು, ಇನ್ನರ್ಧವನ್ನು ನೀಲಿ ಪೆಟ್ಟಿಗೆಯಲ್ಲಿ ಕತ್ತರಿಸಿ. ಎರಡನ್ನೂ ಶುದ್ಧಗೊಳಿಸಿ, 50 ನ್ಯಾನೊಗ್ರಾಂ ತಮ್ಮಷ್ಟಕ್ಕೆ ಲೈಗೇಟ್ ಆಗಲು ಬಿಟ್ಟು, ಒಂದೇ ದಿನ ಒಂದೇ ಸೆಲ್ಲಿಗೆ ಹಾಕಿ ಕಾಲೊನಿ ಎಣಿಸಿ. ಎರಡು ಪ್ಲೇಟ್ ಹತ್ತಿರಹತ್ತಿರ ಬಂದರೆ ನಿಮ್ಮ ತೊಂದರೆ ಬೇರೆಡೆ ಇದೆ.

ಟ್ರಾನ್ಸ್‌ಫರ್ ಪ್ಲಾಸ್ಮಿಡ್‌ನಲ್ಲಿ ವೈರಸ್ ಭಾಗದ ಎರಡು ತುದಿಗಳಲ್ಲಿರುವ ಎಲ್‌ಟಿಆರ್‌ಗಳು ಒಂದನ್ನೊಂದು ಹೋಲುವುದರಿಂದ ಬ್ಯಾಕ್ಟೀರಿಯಾದೊಳಗೆ ಅವು ಕೂಡಿಕೊಂಡು ನಡುವಿನದು ಕಳೆದುಹೋಗುವುದಿದೆ. ಅದಕ್ಕೇ ಹೀಗೆ ಕೂಡಿಕೊಳ್ಳುವುದನ್ನು ತಗ್ಗಿಸುವ ಎಸ್‌ಟಿಬಿಎಲ್3ನಂಥ ಬ್ಯಾಕ್ಟೀರಿಯಾ ತಳಿ, ಅದಕ್ಕೇ 30 ಡಿಗ್ರಿ. ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ಕೋಣೆಗಿಂತ ತಂಪಾಗಲಾರದು. ಡಯಲ್ 30ಕ್ಕೆ ತಿರುಗಿಸಿದ್ದರೂ ಒಳಗೆ 39 ಇರುತ್ತದೆ. ಕೂಲಿಂಗ್ ಇರುವ ಬಿಒಡಿ ಇನ್‌ಕ್ಯುಬೇಟರಿನಲ್ಲೇ ಬೆಳೆಸಿ, ಒಳಗೊಂದು ಥರ್ಮಾಮೀಟರ್ ಇಡಿ. ಪ್ಲೇಟಿನಲ್ಲಿ ಎಲ್ಲರಿಗಿಂತ ಕೊಬ್ಬಿ ಬೆಳೆದ ಕಾಲೊನಿಯನ್ನು ಆರಿಸಬೇಡಿ. ತುಂಡಾದ ಪ್ಲಾಸ್ಮಿಡ್ ಹೊತ್ತದ್ದೇ ಬೇಗ ಬೆಳೆದಿರುವ ಸಾಧ್ಯತೆ ಹೆಚ್ಚು. ಸಣ್ಣವನ್ನು ತೆಗೆದು ಡೈಜೆಸ್ಟ್ ಮಾಡಿ ನೋಡಿ.

ಈ ಪೆಟ್ಟಿಗೆ ತೋರಿಸದಿರುವುದು

ಇಜಿಎಫ್‌ಪಿ ಕೂತ ಕಾಲೊನಿ ಹಸಿರಾಗಿ ಹೊಳೆಯುತ್ತದೆಂದು ಪ್ಲೇಟ್ ಇಟ್ಟು ಕಾಯುವವರಿಗೆ ನಿರಾಸೆ ಖಚಿತ. ಲೆಂಟಿ ರಿಪೋರ್ಟರ್‌ನಲ್ಲಿ ಜಿಎಫ್‌ಪಿ ಮುಂದಿರುವುದು ಸಿಎಂವಿ ಅಥವಾ ಇಎಫ್1 ಆಲ್ಫಾ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ). ಅದು ಸಸ್ತನಿ ಜೀವಕೋಶಕ್ಕೆ ಬರೆದದ್ದು, ಬ್ಯಾಕ್ಟೀರಿಯಾ ಅದನ್ನು ಓದುವುದಿಲ್ಲ. ಕಾಲೊನಿ ಬೆಳಗದಿದ್ದರೆ ಕ್ಲೋನಿಂಗ್ ಸೋತಿತೆಂದು ಪ್ಲೇಟ್ ಎಸೆಯಬೇಡಿ. ತರಗತಿಯಲ್ಲಿ ಕಲಿಸಲು ಬಳಸುವ ಪಿಗ್ಲೋ ಪ್ಲಾಸ್ಮಿಡ್‌ನ ಪ್ಲೇಟ್ ಮಂಕಾಗಿ ಕಾಣುವುದಕ್ಕೆ ಕಾರಣ ಬೇರೆ: ಅದರ ಜಿಎಫ್‌ಪಿ ಮುಖ್ಯವಾಗಿ 395ರಲ್ಲಿ ಹೀರುತ್ತದೆ. ಕೆಂಪು ಹೊಳಪಿನ ಪ್ರೋಟೀನ್ ಎಂಚೆರ್ರಿ 587ರಲ್ಲಿ ಹೀರುವುದರಿಂದ ಅದಕ್ಕೆ ನೀಲಿ ನಡೆಯುವುದಿಲ್ಲ, ಹಸಿರು ಎಲ್‌ಇಡಿ ಮತ್ತು ಕೆಂಪು ಹಾಳೆಯ ಬೇರೆ ಪೆಟ್ಟಿಗೆ ಬೇಕು.

ಪ್ಲಾಸ್ಮಿಡ್ ಹೊಗಿಸಿದ (ಟ್ರಾನ್ಸ್‌ಫೆಕ್ಟ್ ಆದ) ಎಚ್‌ಇಕೆ 293ಟಿ ಎಂಬ ಮನುಷ್ಯನ ಸೆಲ್‌ಗಳನ್ನು ನೋಡಲು ಫ್ಲೋರೆಸೆನ್ಸ್ ಮೈಕ್ರೊಸ್ಕೋಪೇ ಸರಿ. ಅಲ್ಲೂ ಹಿನ್ನೆಲೆಯ ಪಾಠ ಅದೇ: ಸೆಲ್ ಬೆಳೆಸುವ ದ್ರವವಾದ ಡಿಎಂಇಎಂನಲ್ಲಿ ಲೀಟರಿಗೆ 0.4 ಮಿಲಿಗ್ರಾಂ ರೈಬೊಫ್ಲೇವಿನ್ ಇದೆ, ನೀಲಿಯಲ್ಲಿ ಅದೂ ಹಸಿರಾಗಿ ಹೊಳೆಯುತ್ತದೆ. ಉಪ್ಪಿನ ಬಫರ್ ಪಿಬಿಎಸ್‌ಗೆ ಬದಲಿಸಿ ನೋಡಿ, ಜಿಎಫ್‌ಪಿ ಇಲ್ಲದ ಸೆಲ್‌ಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ವೈರಸ್ ಕಣ ಇರುವ ಪ್ಲೇಟನ್ನು ಮಾತ್ರ ಯಾವ ಕಾರಣಕ್ಕೂ ಈ ಪೆಟ್ಟಿಗೆಗೆ ತರಬೇಡಿ. ಮೂರನೆಯ ತಲೆಮಾರಿನ ವ್ಯವಸ್ಥೆಯಲ್ಲಿ ಕಣ ಕಟ್ಟಲು ಬೇಕಾದ ಜೀನ್‌ಗಳು (ಗ್ಯಾಗ್-ಪೋಲ್, ರೆವ್, ವಿಎಸ್‌ವಿ-ಜಿ) ಬೇರೆ ಬೇರೆ ಪ್ಲಾಸ್ಮಿಡ್‌ನಲ್ಲಿದ್ದು ಕಣ ತಾನಾಗಿ ಹೆಚ್ಚದಿದ್ದರೂ, ಅದು ಮನುಷ್ಯನ ಸೆಲ್ಲಿಗೆ ಹೊಕ್ಕು ಜೀನೋಮಿನಲ್ಲಿ ಕೂರಬಲ್ಲದು. ಆ ಕೆಲಸ ಸಂಸ್ಥೆಯ ಬಯೋಸೇಫ್ಟಿ ಕಮಿಟಿಯ ಒಪ್ಪಿಗೆಯೊಂದಿಗೆ, ಜೈವಿಕ ಸುರಕ್ಷತೆಯ ಎರಡನೇ ಹಂತದ (ಬಿಎಸ್‌ಎಲ್-2) ಕೋಣೆಯ ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲಿ. ಪೆಟ್ಟಿಗೆ ಇರಬೇಕಾದ್ದು ಜೆಲ್ ಮೇಜಿನ ಮೇಲೆ, ಕಲ್ಚರ್ ಕೋಣೆಯಿಂದ ದೂರ.

ಬಳಸಿದ ಮೇಲೆ ಗಾಜನ್ನು ನೀರಿನಿಂದ ತೊಳೆದು, ಅಕ್ರಿಲಿಕ್ ಅನ್ನು ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ. ಅಕ್ರಿಲಿಕ್‌ಗೆ 70 ಶೇಕಡ ಸ್ಪಿರಿಟ್ ಹಾಕಿದರೆ ಕೂದಲೆಳೆಯಂಥ ಬಿರುಕು ಬರುತ್ತವೆ, ಆ ಬಿರುಕೂ ಹೊಳೆಯುತ್ತದೆ. ನೀಲಿ ಹಾಳೆ ದಿನಗಳೆದಂತೆ ಮಾಸುತ್ತದೆ. ಆರನೆಯ ಟ್ಯೂಬ್ ಮತ್ತೆ ಬೂದಾಗತೊಡಗಿದರೆ ಅದನ್ನು ಬದಲಿಸುವ ಹೊತ್ತು ಬಂತು. ಒಂದು ಹೆಚ್ಚುವರಿ ತುಂಡನ್ನು ಕತ್ತಲಲ್ಲಿ ಕವರಿನೊಳಗೆ ಇಟ್ಟಿರಿ.